ಒಂದು ಪದಕ್ಕೆ ಒಂದೇ ಧ್ವನಿ ಸಾಲದು: ಟೊಂಗನ್ ಓದುಪುಸ್ತಕವೊಂದರ ಪ್ರಕರಣ

ಮಕ್ಕಳಿಗಾಗಿ ಒಂದು ಟೊಂಗನ್ ಓದುಪುಸ್ತಕ. ಪರದೆಯ ಮೇಲಿನ ಪದವನ್ನು ಮುಟ್ಟಿದರೆ ಪದ ಕೇಳಬೇಕು, ವಾಕ್ಯವನ್ನು ಮುಟ್ಟಿದರೆ ವಾಕ್ಯ ಕೇಳಬೇಕು. ಯೋಜನೆ ಇಷ್ಟೇ. ಪದದ ಯಾವ ಭಾಗಕ್ಕೆ ಒತ್ತು ಕೊಡಬೇಕು ಎಂಬ ಪ್ರಶ್ನೆಯಲ್ಲಿ ಅದು ಸಿಕ್ಕಿಕೊಂಡಿತು, ಬಹುಪಾಲು ಧ್ವನಿಮುದ್ರಣವನ್ನು ಬದಿಗಿಟ್ಟು ಮತ್ತೆ ಶುರುಮಾಡಬೇಕಾಯಿತು. ಕೆಲಸ ಅರ್ಧ ಮುಗಿದಿದ್ದಾಗ ತಂಡದವರು ಸಲಹೆ ಕೇಳಿಕೊಂಡು ಧ್ವನಿಶಾಸ್ತ್ರ ಕಲಿಸುವ ನನ್ನ ಬಳಿ ಬಂದರು. ಭಾಗವಹಿಸಿದವರ ಹೆಸರು, ಸಂಸ್ಥೆ, ಬಡಾವಣೆ, ಪುಸ್ತಕದ ಶೀರ್ಷಿಕೆ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಭಾಷೆಗೆ ಸಂಬಂಧಿಸಿದ್ದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ. ಪದದ ಒಂದು ಭಾಗವನ್ನು ಉಳಿದ ಭಾಗಗಳಿಗಿಂತ ಎತ್ತಿ, ಬಲಕೊಟ್ಟು ನುಡಿಯುವುದು. ಬರಹದುದ್ದಕ್ಕೂ ಒತ್ತು ಬೀಳುವ ಅಕ್ಷರದ ಮುಂಚೆ ˈ ಎಂಬ ಗೀಟು ಹಾಕಿದ್ದೇನೆ. ಗಂಟಲಲ್ಲಿ ಉಸಿರನ್ನು ತಟ್ಟನೆ ತಡೆದು ಬಿಡುವ ಟೊಂಗನ್ ವ್ಯಂಜನಕ್ಕೆ ’ ಗುರುತು ಬಳಸಿದ್ದೇನೆ.

ಹಿನ್ನೆಲೆ

ಟೊಂಗಾ ದಕ್ಷಿಣ ಪೆಸಿಫಿಕ್ ಸಾಗರದ ಒಂದು ದ್ವೀಪರಾಜ್ಯ. ಜನಸಂಖ್ಯೆ ಸುಮಾರು 1 ಲಕ್ಷ. 2018ರ ಜನಗಣತಿಯಲ್ಲಿ ನ್ಯೂಜಿಲೆಂಡ್ ಒಂದರಲ್ಲೇ ತಮ್ಮನ್ನು ಟೊಂಗನ್ನರೆಂದು ಹೇಳಿಕೊಂಡವರು 82,389 ಮಂದಿ. ಅವರಲ್ಲಿ ಹೆಚ್ಚಿನವರ ನೆಲೆ ಆಕ್ಲೆಂಡ್. ಅಲ್ಲಿ ಹುಟ್ಟಿದ ಮಕ್ಕಳಿಗೆ ಚರ್ಚಿನಲ್ಲಿ, ಅಜ್ಜಿಯ ಮನೆಯಲ್ಲಿ ಟೊಂಗನ್ ಕಿವಿಗೆ ಬೀಳುತ್ತದೆ. ಶಾಲೆ, ಆಟ, ಟಿವಿ ಎಲ್ಲವೂ ಇಂಗ್ಲಿಷಿನಲ್ಲಿ. ಕೇಳಿದರೆ ಅರ್ಥವಾಗುತ್ತದೆ, ಆಡಲು ನಾಲಿಗೆ ತೊಡರುತ್ತದೆ. ಪುಸ್ತಕ ತಯಾರಾದದ್ದು ಇಂಥ ಮಕ್ಕಳಿಗಾಗಿ.

ಭಾಷೆ ಆಸ್ಟ್ರೋನೇಷ್ಯನ್ ಕುಟುಂಬದ ಓಶಿಯಾನಿಕ್ ಶಾಖೆಗೆ ಸೇರಿದ್ದು. ಪಾಲಿನೇಷ್ಯನ್ ಗುಂಪಿನಲ್ಲಿ ಇದಕ್ಕೆ ಅತ್ಯಂತ ಹತ್ತಿರದ ಬಂಧು ನಿಯುಎ ದ್ವೀಪದ ಭಾಷೆ. ಸ್ವರಗಳು ಐದು, ಪ್ರತಿಯೊಂದಕ್ಕೂ ಹ್ರಸ್ವ ಮತ್ತು ದೀರ್ಘ ರೂಪ. ವ್ಯಂಜನಗಳು ಹನ್ನೆರಡೇ. ಒತ್ತಕ್ಷರಗಳಿಲ್ಲ, ವ್ಯಂಜನದಲ್ಲಿ ಮುಗಿಯುವ ಅಕ್ಷರವೂ ಇಲ್ಲ. ಬರಹದಲ್ಲಿ ರೋಮನ್ ಲಿಪಿಯ ಜೊತೆ ಮೂರು ಗುರುತುಗಳಿವೆ: ದೀರ್ಘಕ್ಕೆ ಸ್ವರದ ಮೇಲೆ ಅಡ್ಡಗೆರೆ, ಅದರ ಹೆಸರು ತೊಲೊಇ, ಗಂಟಲ ತಡೆಗೆ ಫಕಉ’ಅ, ಒತ್ತಿಗೆ ಓರೆಗೀಟು, ಫಕಮಮಫ. ಬಹಳಷ್ಟು ಮುದ್ರಿತ ಪಠ್ಯಗಳಲ್ಲಿ ಈ ಗುರುತುಗಳು ಪೂರ್ತಿಯಾಗಿ ಸಿಗುವುದಿಲ್ಲ. ಭಾಷೆ ಬಲ್ಲವರಿಗೆ ಅವುಗಳ ಅಗತ್ಯ ಬೀಳುವುದಿಲ್ಲವಾದ್ದರಿಂದ ಬಿಟ್ಟುಹೋಗುತ್ತವೆ. ಕಲಿಯುವ ಮಗುವಿನ ಕೈಗೂ ಅದೇ ಪಠ್ಯ ಬರುತ್ತದೆ.

ತಂಡದಲ್ಲಿ ಮುಖ್ಯರಾದವರು ಮೂವರು. ಟೊಂಗಾದಲ್ಲೇ ಹುಟ್ಟಿ ಬೆಳೆದು, ಆಕ್ಲೆಂಡಿನಲ್ಲಿ ಮಕ್ಕಳಿಗೆ ಭಾಷೆ ಕಲಿಸುವ ಹಿರಿಯ ಶಿಕ್ಷಕಿ. ಪುಸ್ತಕದ ಧ್ವನಿ ಅವರದು. ಆಕ್ಲೆಂಡಿನಲ್ಲೇ ಹುಟ್ಟಿದ, ಟೊಂಗನ್ ಮನೆತನದ ಯುವ ಎಂಜಿನಿಯರ್. ತಂತ್ರಾಂಶ ಬರೆದವರು ಅವರು. ಮೂರನೆಯವನು ಅಲ್ಲಿ ಓದುತ್ತಿದ್ದ ಕನ್ನಡ ಮನೆಮಾತಿನ ಸಂಶೋಧನಾ ವಿದ್ಯಾರ್ಥಿ, ಹಿಂದೆ ನನ್ನ ಬಳಿ ಧ್ವನಿಶಾಸ್ತ್ರ ಕಲಿತವನು. ಧ್ವನಿಮುದ್ರಣಗಳನ್ನು ಕೇಳಿ ಪ್ರತಿ ಪದಕ್ಕೂ ಒತ್ತಿನ ಗುರುತು ಹಾಕುವುದು ಅವನ ಪಾಲಿನ ಕೆಲಸ. ಪ್ರಕರಣದ ದಾರಿ ಹೀಗೆ ಸಾಗಲು ಅವನ ಕಿವಿ ಕನ್ನಡದ ಕಿವಿಯಾಗಿದ್ದುದೂ ಒಂದು ಕಾರಣ.

ಸಮಸ್ಯೆ

ಮೊದಲ ತೀರ್ಮಾನ ತಾಂತ್ರಿಕವಾಗಿತ್ತು. ಕಥೆಗಳಲ್ಲಿ ಬರುವ ಪದಗಳ ಪಟ್ಟಿ ಮಾಡಿ, ಒಂದೊಂದನ್ನೂ ಒಮ್ಮೆ ಶಿಕ್ಷಕಿಯಿಂದ ಹೇಳಿಸಿ ಮುದ್ರಿಸಿಕೊಳ್ಳುವುದು. ವಾಕ್ಯ ಬೇಕಾದಾಗ ಆ ತುಣುಕುಗಳನ್ನೇ ಸಾಲಾಗಿ ಜೋಡಿಸುವುದು. ಹಣ ಕಡಿಮೆ, ಚರ್ಚಿನ ಪಕ್ಕದ ಕೋಣೆಯಲ್ಲಿ ಸಿಗುವ ನಿಶ್ಶಬ್ದದ ಹೊತ್ತೂ ಕಡಿಮೆ. ಆ ಲೆಕ್ಕದಲ್ಲಿ ನೋಡಿದರೆ ಅದು ವಿವೇಕದ ದಾರಿಯೇ. ಟೊಂಗನ್ ಪದಗಳು ವಿಭಕ್ತಿ ಹತ್ತಿ ರೂಪ ಬದಲಿಸುವುದಿಲ್ಲ; ನಮ್ಮ ಮನೆ, ಮನೆಯ, ಮನೆಯಲ್ಲಿ ಎಂಬಂಥ ಕವಲುಗಳು ಅಲ್ಲಿಲ್ಲ. ವಿಭಕ್ತಿಯ ಕೆಲಸ ಮಾಡುವ ಚಿಕ್ಕ ಪದಗಳು ನಾಮಪದದ ಮುಂಚೆ ಬಿಡಿಯಾಗಿ ನಿಲ್ಲುತ್ತವೆ. ಹಾಗಾಗಿ ಪದಕ್ಕೊಂದು ಧ್ವನಿ ಸಾಕು ಎಂದು ಎಂಜಿನಿಯರ್ ಎಣಿಸಿದ್ದು ಸಹಜ.

ಜೋಡಿಸಿದ ವಾಕ್ಯಗಳನ್ನು ಕೇಳಿದ ಹಿರಿಯರು ತಲೆಯಾಡಿಸಿದರು. ಪದಗಳೆಲ್ಲ ಸರಿ, ಮಾತು ಸರಿಯಿಲ್ಲ. ಏನು ಸರಿಯಿಲ್ಲ ಎಂದರೆ ಹೇಳಲು ಬರುತ್ತಿರಲಿಲ್ಲ. "ಇದು ನಮ್ಮವರು ಕಥೆ ಹೇಳುವ ಹಾಗಿಲ್ಲ" ಎನ್ನುವುದರಾಚೆಗೆ ವಿವರಣೆ ಸಿಗಲಿಲ್ಲ.

ಅದರ ಜೊತೆಗೆ ಇನ್ನೊಂದು ತೊಡಕು. ಹೋಲಿಸಿ ನೋಡಲೆಂದು ಶಿಕ್ಷಕಿಯಿಂದ ಇಡೀ ಕಥೆಯನ್ನು ಒಂದೇ ಓಟದಲ್ಲಿ ಓದಿಸಿ ಮುದ್ರಿಸಿಕೊಂಡಿದ್ದರು. ವಿದ್ಯಾರ್ಥಿ ಎರಡೂ ಮುದ್ರಣಗಳಿಗೆ ಗುರುತು ಹಾಕಿದಾಗ ಒಂದೇ ಪದಕ್ಕೆ ಎರಡು ಬಗೆಯ ಒತ್ತು ಕಂಡಿತು. ಪಟ್ಟಿಯಲ್ಲಿ ˈಫಲೆ, ಅಂದರೆ ಮನೆ. ಕಥೆಯಲ್ಲಿ ಒಮ್ಮೆ ˈಫಲೆ, ಇನ್ನೊಮ್ಮೆ ಫˈಲೆ. ಹತ್ತಾರು ಪದಗಳಲ್ಲಿ ಹೀಗೆಯೇ. ತಂಡದ ಸಭೆಯಲ್ಲಿ ಬರೆದುಕೊಂಡ ಟಿಪ್ಪಣಿ ನನ್ನ ಕೈಗೂ ಬಂತು: "ಧ್ವನಿ ಕೊಡುವವರ ಉಚ್ಚಾರಣೆಯಲ್ಲಿ ಸ್ಥಿರತೆ ಇಲ್ಲ." ಅವರ ಬದಲು ಇನ್ನೊಬ್ಬರನ್ನು ಹುಡುಕುವ ಮಾತೂ ನಡೆದಿತ್ತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಈ ಒಂದು ಸಾಲು. ಐದಾರು ದಶಕ ಆ ಭಾಷೆಯಲ್ಲೇ ಬಾಳಿದವರ ನಾಲಿಗೆಯನ್ನು ಪದಪಟ್ಟಿಯೊಂದು ಅಳೆಯಲು ಹೊರಟಿತ್ತು.

ಪ್ರಯತ್ನಿಸಿದ್ದು

ಮೊದಲು ಹಿಡಿದದ್ದು ಎಲ್ಲ ಪ್ರವಾಸಿ ಕೈಪಿಡಿಗಳಲ್ಲೂ ಇರುವ ಸೂತ್ರ: ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ. ˈಫಲೆ ಸರಿಹೊಂದುತ್ತದೆ. ದೊಡ್ಡದು ಎಂಬ ಅರ್ಥದ ˈಲಹಿ, ಹಳೆಯದು ಎಂಬ ಅರ್ಥದ ಮೊˈತು’ಅ ಸರಿಹೊಂದುತ್ತವೆ. ಕಥೆಯಲ್ಲಿ ಓಡಾಡುವ ಇಲಿ, ಕುಮಾ, ಸರಿಹೊಂದುವುದಿಲ್ಲ. ಸೂತ್ರದಂತೆ ˈಕುಮಾ ಆಗಬೇಕು. ಶಿಕ್ಷಕಿ ನುಡಿಯುವುದು ಕುˈಮಾ.

ಇಲ್ಲಿ ವಿದ್ಯಾರ್ಥಿಗೆ ನಾನು ಹೇಳಿದ್ದು ಒಂದೇ ಮಾತು: ಅಕ್ಷರ ಎಣಿಸಬೇಡ, ಮಾತ್ರೆ ಎಣಿಸು. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ಯಾವ ಕನ್ನಡಿಗರಿಗೂ ಇದು ಹೊಸದಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಮ್ಮಲ್ಲಿ ಒತ್ತಕ್ಷರದ ಹಿಂದಿನದು, ಅನುಸ್ವಾರವಿದ್ದದ್ದು ಕೂಡ ಗುರುವಾಗುತ್ತದೆ. ಟೊಂಗನ್ನಿನಲ್ಲಿ ಆ ಪ್ರಸಂಗವೇ ಇಲ್ಲ, ದೀರ್ಘ ಸ್ವರ ಮಾತ್ರ ಗುರು. ಕೊನೆಯಿಂದ ಎರಡನೆಯ ಮಾತ್ರೆಗೆ ಒತ್ತು ಎಂದರೆ ಎಲ್ಲವೂ ಒಂದೇ ನಿಯಮದಡಿ ಬರುತ್ತವೆ. ಕು-ಮ-ಅ: ಮೂರು ಮಾತ್ರೆ, ಕೊನೆಯಿಂದ ಎರಡನೆಯದು ಮಾದ ಮೊದಲರ್ಧ. ಮಗುವಿಗೆ ಟೊಂಗನ್ನಿನಲ್ಲಿ ಪೇಪೇ ಎನ್ನುತ್ತಾರೆ, ಇಂಗ್ಲಿಷಿನಿಂದ ಬಂದ ಪದ. ಮಾತ್ರೆ ನಾಲ್ಕು, ಒತ್ತು ಬೀಳುವುದು ಪೇˈಪೇ ಎಂದು. ಇಂಗ್ಲಿಷ್ ನಾಲಿಗೆಯ ಮಕ್ಕಳು ಮೊದಲ ಅಕ್ಷರಕ್ಕೆ ಬಲ ಕೊಡುತ್ತಾರೆ, ಅವರ ಕಿವಿಯಲ್ಲಿ ಮೂಲ ಪದ ಇನ್ನೂ ಇದೆ.

ಮಾತ್ರೆಯ ನಿಯಮ ತನ್ನ ನಿಜವಾದ ಬಲ ತೋರಿಸುವುದು ಗುರು ಪದದ ನಡುವೆ ಬಂದಾಗ. ಒಳಹೋಗು ಎಂಬುದಕ್ಕೆ ಹೂ ಎಂಬ ಧಾತು. ಅದರಿಂದ ಹುಟ್ಟಿದ ಇನ್ನೊಂದು ಪದದ ಅರ್ಥ ವಿಧಿಪೂರ್ವಕವಾಗಿ ಉದ್ಘಾಟಿಸು ಎಂದು. ಹೊಸ ಚರ್ಚಿನ ಬಾಗಿಲು ತೆರೆಯುವ ಸಮಾರಂಭದಲ್ಲಿ ಈ ಪದ ಕಿವಿಗೆ ಬೀಳುತ್ತದೆ. ಹೂ, ಅದಕ್ಕೆ ಫಿ. ಮಾತ್ರೆಗಳು ಹು-ಉ-ಫಿ. ಕೊನೆಯಿಂದ ಎರಡನೆಯ ಮಾತ್ರೆ ಎಂದರೆ ದೀರ್ಘದ ಉತ್ತರಾರ್ಧ. ಒತ್ತು ದೀರ್ಘದ ನಟ್ಟನಡುವೆ ಬಂದು ಕೂರಬೇಕು. ಟೊಂಗನ್ ಆಗ ಗುರುವನ್ನೇ ಒಡೆದು ಎರಡು ಲಘು ಮಾಡುತ್ತದೆ: ಹುˈಉಫಿ, ಮೂರು ಅಕ್ಷರ. ರಾತ್ರಿಗೆ ಪೋ, ಇಂದು ರಾತ್ರಿ ಎನ್ನಲು ಈ ಎಂಬರ್ಥದ ನಿ ಸೇರಿದರೆ ಪೊˈಒನಿ.

ಷಟ್ಪದಿಯಲ್ಲಿ ಗಣ ಬಿಡಿಸುವಾಗ ಒಂದು ಗುರು ಎರಡು ಗಣಗಳಿಗೆ ಹಂಚಿಹೋಗಬಾರದು ಎಂಬ ಕಟ್ಟು ನಮ್ಮಲ್ಲಿದೆ. ಕವಿ ಅದನ್ನು ತಪ್ಪಿಸುವಂತೆ ಪದ ಆರಿಸುತ್ತಾನೆ. ಟೊಂಗನ್ನಿನಲ್ಲಿ ಕೊನೆಯ ಎರಡು ಮಾತ್ರೆಗಳು ಒಂದು ಗಣವಿದ್ದ ಹಾಗೆ. ಗುರು ಆ ಎಲ್ಲೆಯ ಮೇಲೆ ಬಿದ್ದಾಗ ಆರಿಸಿಕೊಳ್ಳಲು ಕವಿಯಿಲ್ಲ, ಮಾತನಾಡುವವರೆಲ್ಲರ ಬಾಯಲ್ಲೂ ಗುರು ಸೀಳುತ್ತದೆ. ಪಕ್ಕದ ಫಿಜಿಯನ್ ಭಾಷೆ ಇದೇ ಇಕ್ಕಟ್ಟಿಗೆ ಬೇರೆ ದಾರಿ ಹಿಡಿದಿದೆ. ಅಲ್ಲಿನ ಬೌಮಾ ಉಪಭಾಷೆಯಲ್ಲಿ ಅಜ್ಜಿಗೆ ಮ್ಬೂ. ನನ್ನ ಎಂಬರ್ಥದ ಪ್ರತ್ಯಯ ಸೇರಿ ನನ್ನ ಅಜ್ಜಿ ಎಂದಾಗ ದೀರ್ಘ ಕುಗ್ಗಿ ˈಮ್ಬುಙ್ಗು ಆಗುತ್ತದೆ. ಒಂದು ಭಾಷೆ ಗುರುವನ್ನು ಒಡೆಯಿತು, ಇನ್ನೊಂದು ಅದನ್ನು ಲಘು ಮಾಡಿತು. ಕೊನೆಯ ಎರಡು ಮಾತ್ರೆಗಳ ಜೋಡಿಯನ್ನು ಎರಡೂ ಉಳಿಸಿಕೊಂಡವು. ಮೊದಲ ಸಲ ಇದನ್ನು ಓದಿದಾಗ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಮಾತ್ರೆಯ ನಿಯಮದಿಂದ ಪದಪಟ್ಟಿ ಪೂರ್ತಿ ತಿಳಿಯಾಯಿತು. ಆದರೆ ಪಟ್ಟಿಗೆ ತೊಲೊಇ ಗುರುತುಗಳನ್ನು ಮೊದಲು ಸರಿಯಾಗಿ ಹಾಕಬೇಕಾಯಿತು. ದೀರ್ಘ ಗೊತ್ತಿಲ್ಲದೆ ಮಾತ್ರೆ ಎಣಿಸುವುದಾದರೂ ಹೇಗೆ? ಶಿಕ್ಷಕಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಪದಕ್ಕೆ ಅಡ್ಡಗೆರೆ ಹಾಕಿಕೊಟ್ಟರು. ಆ ನಂತರ ಒತ್ತನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯವೇ ಇರಲಿಲ್ಲ, ತಂತ್ರಾಂಶ ತಾನೇ ಎಣಿಸುತ್ತಿತ್ತು. ಒಳ್ಳೆಯ ಪ್ರಗತಿ. ಕಥೆಯೊಳಗಿನ ಫˈಲೆ ಮಾತ್ರ ಇದ್ದಲ್ಲೇ ಇತ್ತು.

ಕನ್ನಡದ ಕಿವಿ ಕೇಳಿದ ದೀರ್ಘಗಳು

ವಿದ್ಯಾರ್ಥಿ ತನ್ನ ಮೊದಲ ಸುತ್ತಿನ ಟಿಪ್ಪಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ. ಅದು ಬುದ್ಧಿವಂತಿಕೆಯ ಕೆಲಸ. ಎ-ಏ, ಒ-ಓ ಬೇರೆಬೇರೆಯಾಗಿರುವ ನಮ್ಮ ಲಿಪಿಯಲ್ಲಿ ಟೊಂಗನ್ನಿನ ಹತ್ತೂ ಸ್ವರಗಳು ಯಾವ ಹೆಚ್ಚಿನ ಗುರುತೂ ಇಲ್ಲದೆ ಕೂರುತ್ತವೆ. ಆ ಟಿಪ್ಪಣಿಗಳನ್ನು ನನಗೆ ಕಳಿಸುತ್ತ ಆತ ಬರೆದ: "ಮೇಡಂ, ಅವರು ಹ್ರಸ್ವ ಅಂದ ಎಷ್ಟೋ ಕಡೆ ನನಗೆ ದೀರ್ಘ ಕೇಳುತ್ತೆ. ಎಷ್ಟು ಸಲ ಕೇಳಿದರೂ ಹಾಗೇ."

ಕೇಳದೆ ಇನ್ನೇನು? ಕನ್ನಡದಲ್ಲಿ ಬಳೆಗೂ ಬಾಳೆಗೂ, ಕೊಡುಗೂ ಕೋಡುಗೂ ಇರುವ ವ್ಯತ್ಯಾಸ ಸ್ವರದ ಉದ್ದದ್ದು. ಒತ್ತು ಬದಲಿಸಿದರೆ ನಮ್ಮಲ್ಲಿ ಪದದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ಅದನ್ನು ಬೇರೆಯಾಗಿ ಗಮನಿಸುವ ಅಭ್ಯಾಸ ನಮ್ಮ ಕಿವಿಗಿಲ್ಲ. ಟೊಂಗನ್ನಿನಲ್ಲಿ ಒತ್ತು ಬಿದ್ದ ಸ್ವರದಲ್ಲಿ ದನಿ ಏರುತ್ತದೆ, ಬಲ ಹೆಚ್ಚುತ್ತದೆ, ಉದ್ದವೂ ತುಸು ಹೆಚ್ಚುತ್ತದೆ. ಈ ಮೂರನ್ನೂ ಕನ್ನಡದ ಕಿವಿ ಒಟ್ಟುಗೂಡಿಸಿ ದೀರ್ಘ ಎಂಬ ಒಂದೇ ಖಾನೆಗೆ ಹಾಕುತ್ತದೆ. ತಂಡ ಅವನ ಈ ಟಿಪ್ಪಣಿಗಳನ್ನು ಕೆಲಸಕ್ಕೆ ಬಾರದವೆಂದು ಪಕ್ಕಕ್ಕಿಡಲು ಹೊರಟಿತ್ತು. ಇಡಬೇಡಿ ಎಂದು ನಾನು ಪಟ್ಟು ಹಿಡಿದೆ. ಕಿವಿ ತಪ್ಪು ಹೆಸರು ಕೊಟ್ಟಿರಬಹುದು, ಆದರೆ ಏನನ್ನೋ ಕೇಳಿದೆ. ಏನನ್ನು ಎಂದು ನೋಡಬೇಕು.

ಅವನು ದೀರ್ಘವೆಂದು ಬರೆದ ಸ್ವರಗಳನ್ನೆಲ್ಲ ಧ್ವನಿಯನ್ನು ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ತೆರೆದು ಉದ್ದವನ್ನೂ ದನಿಯ ಏರಿಳಿತವನ್ನೂ ಅಳೆದೆವು. ಮಾತಿನ ತುದಿಯಲ್ಲಿ ಬಹುತೇಕ ಭಾಷೆಗಳಲ್ಲಿ ಸ್ವರ ಎಳೆಯುವುದುಂಟು, ಆದ್ದರಿಂದ ವಾಕ್ಯದ ಕೊನೆಯವನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಟೊಂಗನ್ನಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಹುಡುಗ ಮನೆಗೆ ಹೋದ ಎಂಬುದರಲ್ಲಿ 'ಹೋದ' ಮೊದಲು, 'ಹುಡುಗ' ನಡುವೆ, 'ಮನೆಗೆ' ಕೊನೆಗೆ. ನಾಮಪದಗಳು ವಾಕ್ಯದ ನಡುವೆ ಧಾರಾಳವಾಗಿ ಸಿಗುತ್ತವೆ, ಹೋಲಿಕೆಗೆ ಇದು ಅನುಕೂಲವಾಯಿತು.

ಸ್ವರಗಳು ಮೂರು ಗುಂಪಾದವು. ಒಂದು, ನಿಜವಾದ ದೀರ್ಘಗಳು, ಕುಮಾದ ಮಾ ಥರದವು. ಎರಡು, ಸಾಮಾನ್ಯ ಒತ್ತು ಬಿದ್ದ ಹ್ರಸ್ವಗಳು. ದನಿ ಏರಿದೆ, ಉದ್ದ ದೀರ್ಘದ ಹತ್ತಿರಕ್ಕೂ ಬರುವುದಿಲ್ಲ. ಇಲ್ಲಿ ಕಿವಿ ಮೋಸಹೋಗಿತ್ತು. ಮೂರನೆಯ ಗುಂಪಿನವೆಲ್ಲ ಪದದ ಕೊನೆಯ ಸ್ವರಗಳು, ಎಲ್ಲವೂ ಕಥೆಯ ಓದಿನಲ್ಲಿ ಬಂದವು, ಪಟ್ಟಿಯ ಓದಿನಲ್ಲಿ ಒಂದೂ ಇಲ್ಲ. ಇವುಗಳಲ್ಲಿ ದನಿಯೂ ಏರಿತ್ತು, ಉದ್ದವೂ ನಿಜವಾಗಿಯೇ ಹೆಚ್ಚಿತ್ತು. ಆತ ಫಲೇ ಎಂದು ಬರೆದುಕೊಂಡದ್ದು ಕಿವಿಯ ಭ್ರಮೆಯಾಗಿರಲಿಲ್ಲ.

ತಿರುವು

ಈ ಮೂರನೆಯ ಗುಂಪಿನ ಸಾಲುಗಳನ್ನು ಕಥೆಯ ಕ್ರಮದಲ್ಲೇ ಶಿಕ್ಷಕಿಯ ಮುಂದಿಟ್ಟೆವು. ಅಲ್ಲಿಯವರೆಗೆ ಅವರಿಗೆ ಕೇಳುತ್ತಿದ್ದ ಪ್ರಶ್ನೆ "ಈ ಪದದಲ್ಲಿ ಒತ್ತು ಎಲ್ಲಿ?" ಎಂದು. ಹಾಗೆ ಕೇಳಿದಾಗ ಅವರು ಪದವನ್ನು ವಾಕ್ಯದಿಂದ ಹೊರತೆಗೆದು ಒಂದು ಸಲ ನುಡಿದು ತೋರಿಸುತ್ತಿದ್ದರು, ಪ್ರತಿ ಸಲವೂ ˈಫಲೆ. ಈ ಬಾರಿ ಎಂಜಿನಿಯರ್ ಪ್ರಶ್ನೆ ಬದಲಿಸಿದರು. ಎರಡು ವಾಕ್ಯಗಳನ್ನು ಒಂದರ ಹಿಂದೊಂದು ಕೇಳಿಸಿ, "ಇಲ್ಲಿ ಹೀಗೆ, ಅಲ್ಲಿ ಹಾಗೆ ಹೇಳಿದ್ದೀರಿ. ಎರಡನೆಯದನ್ನೂ ಮೊದಲಿನ ಹಾಗೆ ಹೇಳಬಹುದೇ?" ಎಂದರು. ಶಿಕ್ಷಕಿ ಹೇಳಿ ನೋಡಿ, ತಲೆ ಅಲ್ಲಾಡಿಸಿದರು. "ಅದು ಬೇರೆ ಮನೆಯಾಗಿಬಿಡುತ್ತದೆ. ಇದು ಆ ಮನೆ. ಆಗಲೇ ಹೇಳಿಯಾಗಿದೆಯಲ್ಲ."

ಒಗಟು ಬಿಡಿಸಿದಂತಾಯಿತು. ಕಥೆಯಲ್ಲಿ ಮನೆ ಮೊದಲ ಸಲ ಬಂದಾಗ ˈಫಲೆ. ಕೇಳುವವರಿಗೆ ಯಾವ ಮನೆ ಎಂದು ಗೊತ್ತಾದ ಮೇಲೆ ಫˈಲೆ. ಟೊಂಗನ್ ವ್ಯಾಕರಣದಲ್ಲಿ ಇದು ಹೆಸರುವಾಸಿಯಾದ ಸಂಗತಿ. ಸಿ. ಮ್ಯಾಕ್ಸ್‌ವೆಲ್ ಚರ್ಚ್‌ವರ್ಡ್ 1953ರ ತಮ್ಮ ಟೊಂಗನ್ ವ್ಯಾಕರಣದಲ್ಲಿ ಇದನ್ನು ನಿರ್ದಿಷ್ಟತೆಯ ಒತ್ತು ಎಂಬರ್ಥದ ಹೆಸರಿಟ್ಟು ವಿವರಿಸಿದ್ದಾರೆ. ನಾಮಪದದ ಮುಂಚೆ ಹ ಎಂಬ ಚಿಕ್ಕ ಪದ ಬಂದರೆ ಯಾವುದೋ ಒಂದು: ಹ ˈಫಲೆ. ಹೆ ಬಂದು ಒತ್ತು ಕದಲದಿದ್ದರೆ ಇಂಥದೊಂದು ಮನೆ ಇದೆ, ಕೇಳುವವರಿಗೆ ಅದರ ಗುರುತಿಲ್ಲ: ಹೆ ˈಫಲೆ. ಹೆ ಬಂದು ಒತ್ತು ಕೊನೆಗೆ ಸರಿದರೆ ಇಬ್ಬರಿಗೂ ಗೊತ್ತಿರುವ ಮನೆ: ಹೆ ಫˈಲೆ. ನಡುವಿನದಕ್ಕೂ ಕೊನೆಯದಕ್ಕೂ ಒತ್ತಿನ ಹೊರತು ಬೇರೆ ವ್ಯತ್ಯಾಸವಿಲ್ಲ. ಬರಹದಲ್ಲಿ ಫಕಮಮಫ ಬಿಟ್ಟರೆ ಎರಡೂ ಒಂದೇ.

ಇದು ಒತ್ತು ಸರಿದದ್ದೋ ಅಥವಾ ಪದದ ಕೊನೆಗೆ ಇನ್ನೊಂದು ಸ್ವರದ ಮಾತ್ರೆ ಸೇರಿದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಎರಡನೆಯದಾದರೆ ಫ-ಲೆ-ಎ ಎಂದು ಮೂರು ಮಾತ್ರೆಗಳಾಗಿ, ಕೊನೆಯಿಂದ ಎರಡನೆಯ ಮಾತ್ರೆಗೆ ಒತ್ತು ಎಂಬ ಹಳೆಯ ನಿಯಮವೇ ಇಲ್ಲಿಯೂ ನಡೆಯುತ್ತದೆ, ಹೊಸ ನಿಯಮ ಬೇಡ. ನನ್ನ ಒಲವು ಈ ಕಡೆಗೆ. ಕನ್ನಡದ ಕಿವಿ ಅಲ್ಲಿ ದೀರ್ಘವನ್ನು ಕೇಳಿದ್ದು ಆ ವಾದದ ಜೊತೆ ಹೊಂದಿಕೊಳ್ಳುತ್ತದೆ.

ಧ್ವನಿ ಬದಲಿಸುವ ಮಾತು ಅಲ್ಲಿಗೆ ನಿಂತಿತು. ಆ ಟಿಪ್ಪಣಿಯನ್ನು ಕಡತದಿಂದ ತೆಗೆಯಲಿಲ್ಲ. ಅದರ ಕೆಳಗೆ ಎಂಜಿನಿಯರ್ ಹೊಸ ಸಾಲು ಸೇರಿಸಿದರು, ಉಚ್ಚಾರಣೆ ಸ್ಥಿರವಾಗಿದೆ, ನಮ್ಮ ಪದಪಟ್ಟಿ ಅಪೂರ್ಣವಾಗಿದೆ ಎಂದು.

ಎರಡನೆಯ ತೀರ್ಮಾನ

ತಕ್ಷಣ ಹೊಳೆದ ಪರಿಹಾರ ನಾಮಪದಗಳನ್ನು ಎರಡೆರಡು ಸಲ ಮುದ್ರಿಸಿಕೊಳ್ಳುವುದು: ˈಫಲೆ ಒಂದು, ಫˈಲೆ ಒಂದು. ಹಳೆಯ ಮುದ್ರಣವೂ ವ್ಯರ್ಥವಾಗುವುದಿಲ್ಲ. ಶಿಕ್ಷಕಿ ಒಪ್ಪಿ ಕುಳಿತರು. ಅಷ್ಟರಲ್ಲಿ ಕಥೆಯ ಹಳೆಯ ಮನೆ ಅಡ್ಡ ಬಂತು.

ಹಳೆಯ ಮನೆ ಎನ್ನಲು ಫಲೆ ಮೊತು’ಅ. ವಿಶೇಷಣ ನಾಮಪದದ ನಂತರ ಬರುತ್ತದೆ. ಆ ಹಳೆಯ ಮನೆ ಎಂದಾಗ ಹೆ ˈಫಲೆ ಮೊತುˈ’ಅ. ಮನೆಯ ಒತ್ತು ಮೊದಲಿನ ಜಾಗಕ್ಕೆ ಮರಳಿತು, ಸರಿದದ್ದು ವಿಶೇಷಣದ ಒತ್ತು. ಆ ದೊಡ್ಡ ಮನೆ ಎಂದರೆ ಹೆ ˈಫಲೆ ಲˈಹಿ. ನಿರ್ದಿಷ್ಟತೆಯ ಗುರುತು ನಾಮಪದಕ್ಕೆ ಅಂಟಿಕೊಂಡದ್ದಲ್ಲ; ಇಡೀ ಪದಗುಚ್ಛದ ಕೊನೆಯಲ್ಲಿ ಯಾವ ಪದವಿದ್ದರೂ ಅದರ ಮೇಲೆ ಕೂರುತ್ತದೆ. ಹಾಗಾದರೆ ವಿಶೇಷಣಗಳನ್ನೂ ಎರಡೆರಡು ಸಲ ಮುದ್ರಿಸೋಣ ಎಂದು ಎಂಜಿನಿಯರ್. ಹುಡುಗ ನೋಡಿದ ಮನೆ ಎಂಬಂಥ ಗುಚ್ಛದಲ್ಲಿ ಮನೆ ಎಂಬ ಪದದ ನಂತರ ಇನ್ನೊಂದು ಇಡೀ ಉಪವಾಕ್ಯ ಬರುತ್ತದೆ, ಒತ್ತು ಅದರ ತುದಿಯ ಪದಕ್ಕೆ ಹೋಗುತ್ತದೆ ಎಂದು ಶಿಕ್ಷಕಿ ತೋರಿಸಿಕೊಟ್ಟರು. ಅಂದರೆ ಯಾವ ಪದವಾದರೂ ಆ ಜಾಗಕ್ಕೆ ಬರಬಹುದು. ಈ ಎಂಬ ನಿ ಸೇರಿದಾಗ ಇನ್ನೊಂದು ಬದಲಾವಣೆ: ಈ ಮನೆ ಎಂದರೆ ಫˈಲೆ ನಿ, ಎರಡೂ ಒಂದೇ ಪದವೆಂಬಂತೆ ಮಾತ್ರೆಯ ಎಣಿಕೆ.

ಪದಕ್ಕೆ ಎರಡು ಧ್ವನಿ ಎಂಬುದು ಸಮಸ್ಯೆಯನ್ನು ಮುಂದೂಡುತ್ತಿತ್ತೇ ಹೊರತು ಬಿಡಿಸುತ್ತಿರಲಿಲ್ಲ. ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಯಾವ ಮನೆ ಕೇಳುವವರಿಗೆ ಗೊತ್ತಿರುವ ಮನೆ ಎಂಬುದನ್ನು ತಂತ್ರಾಂಶ ತಿಳಿಯುವುದು ಹೇಗೆ? ಎರಡನೆಯ ಸಲ ಬಂದ ನಾಮಪದಕ್ಕೆಲ್ಲ ಒತ್ತು ಸರಿಸು ಎಂಬ ಲೆಕ್ಕ ಸಾಲದು. ಮನೆಯೊಂದರ ಮಾತು ಬಂದ ಮೇಲೆ ಅದರ ಬಾಗಿಲು ಮೊದಲ ಸಲವೇ ಗೊತ್ತಿರುವ ಬಾಗಿಲಾಗಬಹುದು. ಅದನ್ನು ತೀರ್ಮಾನಿಸುವುದು ಕಥೆ ಹೇಳುವವರ ಮನಸ್ಸು.

ಇಲ್ಲಿ ತಂಡ ತೆಗೆದುಕೊಂಡ ನಿರ್ಧಾರವನ್ನು ನಾನು ಈಗಲೂ ಮೆಚ್ಚುತ್ತೇನೆ. ತುಣುಕು ಜೋಡಿಸುವ ವಿಧಾನವನ್ನೇ ಕೈಬಿಟ್ಟರು. ಪದಗುಚ್ಛಗಳನ್ನು ಅವು ಇರುವ ವಾಕ್ಯದಲ್ಲೇ, ವಾಕ್ಯಗಳನ್ನು ಕಥೆಯ ಓಟದಲ್ಲೇ ಮುದ್ರಿಸಿಕೊಂಡರು. ಮಗು ವಾಕ್ಯದೊಳಗಿನ ಒಂದು ಪದವನ್ನು ಮುಟ್ಟಿದರೆ ಆ ಪದವಿರುವ ಗುಚ್ಛ ಪೂರ್ತಿ ಕೇಳುತ್ತದೆ. ಬಿಡಿಪದಗಳ ಹಳೆಯ ಮುದ್ರಣ ಪುಸ್ತಕದ ಹಿಂದಿನ ಪದಕೋಶಕ್ಕೆ ಹೋಯಿತು. ಅಲ್ಲಿ ಅದು ಸರಿಯಾಗಿಯೇ ಇತ್ತು. ಖರ್ಚು ಹೆಚ್ಚಿತು, ಬಿಡುಗಡೆ ತಡವಾಯಿತು, ಕಥೆಗಳ ಸಂಖ್ಯೆ ಕಡಿಮೆ ಮಾಡಬೇಕಾಯಿತು. ಧನಸಹಾಯ ಕೊಟ್ಟವರಿಗೆ ಇದನ್ನು ವಿವರಿಸುವುದು ಸುಲಭವಾಗಿರಲಿಲ್ಲ. ಎರಡು ಧ್ವನಿತುಣುಕುಗಳನ್ನು ಒಂದರ ಪಕ್ಕ ಒಂದು ಕೇಳಿಸಿ, ಸಭೆಯಲ್ಲಿದ್ದ ಟೊಂಗನ್ ಸದಸ್ಯರನ್ನೇ ಯಾವುದು ಕಥೆ ಎಂದು ಕೇಳಿದ ಮೇಲೆ ಒಪ್ಪಿಗೆ ಸಿಕ್ಕಿತು.

ಆದದ್ದೇನು

ಗುರುತು ಹಾಕುವ ಕೆಲಸ ಮೂರು ಹಂತಗಳಾಗಿ ಬೇರ್ಪಟ್ಟಿತು. ಪದಕೋಶದಲ್ಲಿ ದೀರ್ಘವನ್ನು ಮಾತ್ರ ಬರೆದಿಡುವುದು. ಒತ್ತನ್ನು ಮಾತ್ರೆ ಎಣಿಸಿ ಪಡೆಯಬಹುದು. ಪ್ರತ್ಯಯವೋ ನಿ ಥರದ್ದೋ ಸೇರಿದರೆ ಸೇರಿದ ಮೇಲೆಯೇ ಎಣಿಸುವುದು. ನಿರ್ದಿಷ್ಟತೆಯ ಒತ್ತನ್ನು ಯಂತ್ರಕ್ಕೆ ಬಿಡದೆ, ಭಾಷೆ ಬಲ್ಲವರು ಕಥೆ ಓದುತ್ತ ಫಕಮಮಫ ಹಾಕಿಕೊಡುವುದು. ಈ ಮೂರನೆಯದನ್ನು ಶಿಕ್ಷಕಿ ಮತ್ತು ಅವರ ವಯಸ್ಸಿನ ಇನ್ನೊಬ್ಬರು ಬೇರೆಬೇರೆಯಾಗಿ ಕುಳಿತು ಮಾಡಿದರು. ಇಬ್ಬರ ಗುರುತುಗಳು ಬಹುಮಟ್ಟಿಗೆ ಹೊಂದಿದವು. ಹೊಂದದ ಕಡೆ ಕೇಳಿದರೆ ಇಬ್ಬರಿಗೂ ಕಾರಣವಿತ್ತು, ಕಥೆಯನ್ನು ಅವರು ಬೇರೆಬೇರೆಯಾಗಿ ಕಲ್ಪಿಸಿಕೊಂಡಿದ್ದರು. ಅಂಥ ಕಡೆ ಧ್ವನಿ ಯಾರದೋ ಅವರ ಓದೇ ನಿಂತಿತು.

ವಿದ್ಯಾರ್ಥಿಯ ಕೆಲಸದ ರೀತಿಯೂ ಬದಲಾಯಿತು. ಮೊದಲು ಕಿವಿಯಿಂದ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ಅಳತೆ ನೋಡುವುದು, ಕೊನೆಗೆ ಎರಡೂ ಎಲ್ಲೆಲ್ಲಿ ಬೇರೆಯಾಗುತ್ತವೆ ಎಂದು ಪಟ್ಟಿ ಮಾಡುವುದು. ಬೇರೆಯಾದ ಜಾಗಗಳನ್ನು ಅಳಿಸಿಹಾಕುವ ಬದಲು ಶಿಕ್ಷಕಿಗೆ ಕೇಳಬೇಕಾದ ಪ್ರಶ್ನೆಗಳಾಗಿ ಅವನು ಕೊಂಡೊಯ್ಯುತ್ತಾನೆ. ಇನ್ನೊಂದು ಉಪಯೋಗವೂ ಆಯಿತು. ಟೊಂಗನ್ನಿನಲ್ಲಿ ಒತ್ತಿಲ್ಲದ ಕೊನೆಯ ಇ, ಉ ಸ್ವರಗಳು ಕ, ತ, ಪ ಥರದ ವ್ಯಂಜನಗಳ ನಂತರ ದನಿಯಿಲ್ಲದೆ ಬರೀ ಉಸಿರಾಗಿ ಹೋಗುವುದುಂಟು. ದ್ವೀಪ ಎಂಬರ್ಥದ ಮೊತು ಅವನ ಟಿಪ್ಪಣಿಯಲ್ಲಿ ಮೊತ್ ಎಂದಾಗಿತ್ತು. ಅದೇ ಪದಕ್ಕೆ ನಿರ್ದಿಷ್ಟತೆಯ ಒತ್ತು ಬಿದ್ದ ಕಡೆ ಉ ತುಂಬಿಕೊಂಡು ಸ್ಪಷ್ಟವಾಗಿ ಕೇಳುತ್ತದೆ. ಕೇಳಿಸದ ಸ್ವರವೂ ಮಾತ್ರೆಯ ಎಣಿಕೆಯಲ್ಲಿ ಇದ್ದೇ ಇರುತ್ತದೆ ಎಂಬುದನ್ನು ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ನಾವು ಪರೀಕ್ಷೆಯೇನೂ ನಡೆಸಲಿಲ್ಲ, ಆದ್ದರಿಂದ ದೊಡ್ಡ ಮಾತು ಆಡುವಂತಿಲ್ಲ. ಶಿಕ್ಷಕಿ ಗಮನಿಸಿದ್ದು ಇಷ್ಟು: ಕಥೆ ಕೇಳಿ ತಮ್ಮ ಮಾತಿನಲ್ಲಿ ಮರಳಿ ಹೇಳುವಾಗ ಕೆಲವು ಮಕ್ಕಳು ಒತ್ತನ್ನು ತಾವಾಗಿ ಕೊನೆಗೆ ಸರಿಸುತ್ತಿದ್ದರು. ಯಾರೂ ಅವರಿಗೆ ನಿಯಮ ಹೇಳಿರಲಿಲ್ಲ. ಗಟ್ಟಿಯಾಗಿ ಓದುವಾಗ ಅದೇ ಮಕ್ಕಳು ಎಲ್ಲ ಕಡೆ ˈಫಲೆ ಎನ್ನುತ್ತಿದ್ದರು, ಏಕೆಂದರೆ ಕಣ್ಣಿನ ಮುಂದಿನ ಪುಟದಲ್ಲಿ ಗೀಟು ಇರಲಿಲ್ಲ. ಧ್ವನಿಗೆ ಇಷ್ಟು ದುಡಿದ ತಂಡ ಪಠ್ಯದಲ್ಲಿ ಫಕಮಮಫ ಮುದ್ರಿಸಿರಲಿಲ್ಲ. ಗುರುತುಗಳು ಹೆಚ್ಚಾದರೆ ಮಕ್ಕಳು ಹೆದರುತ್ತಾರೆ ಎಂಬ ಅಳುಕಿತ್ತು.

ಮಕ್ಕಳ ಬಾಯಲ್ಲಿ ಪೇಪೇ ಮೊದಲಿನ ಹಾಗೇ ಉಳಿದಿದೆ. ಮೇಜು ಎಂಬರ್ಥದ ತೇಪಿಲೆ ಕೂಡ ಹಾಗೆಯೇ: ಇಂಗ್ಲಿಷಿನ ಒತ್ತನ್ನು ಟೊಂಗನ್ ತೇ ಎಂಬ ದೀರ್ಘವಾಗಿ ಉಳಿಸಿಕೊಂಡು, ತನ್ನ ಮುಖ್ಯ ಒತ್ತನ್ನು ಮಾತ್ರೆಯ ಲೆಕ್ಕದಂತೆ ಪಿಗೆ ಕೊಟ್ಟಿದೆ. ಮಕ್ಕಳು ತೇ ಮೇಲೆ ಬಲ ಹಾಕುತ್ತಾರೆ. ಎರವಲು ಪದಗಳನ್ನು ತಿದ್ದುವುದಕ್ಕೆ ಶಿಕ್ಷಕಿ ಆತುರಪಡಲಿಲ್ಲ. ಅವರಿಗೆ ಮೊದಲು ಬೇಕಿದ್ದದ್ದು ಗೊತ್ತಿರುವ ಮನೆಗೂ ಗೊತ್ತಿರದ ಮನೆಗೂ ಇರುವ ವ್ಯತ್ಯಾಸ, ಅದಿಲ್ಲದೆ ಕಥೆ ನಿಲ್ಲುವುದಿಲ್ಲ ಎನ್ನುವುದು ಅವರ ನಿಲುವು. ನನಗೂ ಅದೇ ಸರಿ ಎನಿಸುತ್ತದೆ.

ಇದೇ ಬಗೆಯ ಕೆಲಸಕ್ಕೆ ಕೈಹಾಕುವವರಿಗೆ, ಮುಖ್ಯವಾಗಿ ಕನ್ನಡದಿಂದ ಹೊರಟು ಒತ್ತು ಇರುವ ಭಾಷೆಗಳಿಗೆ ಗುರುತು ಹಾಕುವವರಿಗೆ, ನಾನು ಹೇಳುವುದು ಕೆಲಸದ ಕ್ರಮದ ಬಗ್ಗೆ. ಪದಪಟ್ಟಿಯ ಜೊತೆಗೆ ಮೊದಲ ದಿನವೇ ಒಂದು ಪೂರ್ತಿ ಕಥೆಯನ್ನೂ ಮುದ್ರಿಸಿಕೊಳ್ಳಿ. ಇಲ್ಲಿ ಅದು ಆಕಸ್ಮಿಕವಾಗಿ ಆಯಿತು, ಅದಿಲ್ಲದಿದ್ದರೆ ಮೂರನೆಯ ಗುಂಪು ಕಣ್ಣಿಗೇ ಬೀಳುತ್ತಿರಲಿಲ್ಲ. ಭಾಷಿಕರನ್ನು ಒತ್ತು ಎಲ್ಲಿದೆ ಎಂದು ಕೇಳಬೇಡಿ, ಹೀಗೂ ಹೇಳಬಹುದೇ ಎಂದು ಕೇಳಿ, ಹೇಳಿದರೆ ಏನಾಗುತ್ತದೆ ಎಂದು ಕೇಳಿ. ಒಂದೇ ಪದ ಒಬ್ಬರ ಬಾಯಲ್ಲಿ ಎರಡು ಥರ ಬಂದರೆ ಎರಡರ ಸುತ್ತಲಿನ ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆಯೇ ಅಸ್ಥಿರ ಎಂಬ ಪದವನ್ನು ಕಡತದಲ್ಲಿ ಬರೆಯಿರಿ.

ಎರಡನೆಯ ಪುಸ್ತಕದ ಕೆಲಸ ಈಗ ನಡೆದಿದೆ. ಅದರಲ್ಲಿ ತೊಲೊಇ, ಫಕಉ’ಅ, ಫಕಮಮಫ ಮೂರನ್ನೂ ಪುಟದ ಮೇಲೆ ಮುದ್ರಿಸಲು ಒಪ್ಪಿಗೆಯಾಗಿದೆ. ಗೀಟುಗಳನ್ನು ಎಲ್ಲಿ ಹಾಕಬೇಕೆಂದು ಶಿಕ್ಷಕಿ ಈ ಸಲ ತಮ್ಮ ತರಗತಿಯ ದೊಡ್ಡ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಗುರುತಿಸುತ್ತಿದ್ದಾರೆ.